ಅಂಕಿತ ಕೇಳಿ ಹೆಸರು ಬರೆದ ಭಾನುವಾರ

ಅವ್ವನ ಸಿಡಿ ಪ್ಲೇಯರ್ ಯುಗಾದಿಗೆ ಮುಂಚೆಯೇ ತಕರಾರು ತೆಗೆದಿತ್ತು. ಡಿಸ್ಕ್ ಹಾಕಿದರೆ ಒಂದಷ್ಟು ಹೊತ್ತು ತಿರುಗಿ ಸುಮ್ಮನಾಗುತ್ತಿತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ರಿಪೇರಿ ಮಾಡುವವರು ಬಿಚ್ಚಿ ನೋಡಿ, "ಲೆನ್ಸ್ ಹೋಗೇದ್ರಿ. ಇದರ ಸಾಮಾನು ಈಗ ಬರಂಗಿಲ್ಲ" ಎಂದು ಮತ್ತೆ ಸ್ಕ್ರೂ ಬಿಗಿದು ಕೊಟ್ಟರು. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ದಾಸರ ಪದ ಕೇಳದೆ ಅವ್ವನಿಗೆ ದಿನ ಶುರುವಾಗುವುದಿಲ್ಲ.

ಬೆಂಗಳೂರಿನಿಂದ ಅಣ್ಣನ ಮಗ ಫೋನಿನಲ್ಲಿ ಹೇಳಿದ: "ಕಾಕಾ, ಎಲ್ಲಾ ಆನ್‌ಲೈನ್‌ನಾಗ ಅದಾವ. ರೊಕ್ಕ ಕೊಟ್ಟು ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿ ಕೊಡು. ಅರ್ಧ ತಾಸಿನ ಕೆಲಸ." ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಶನಿವಾರ ರಾತ್ರಿ ಸಿಡಿಗಳನ್ನೆಲ್ಲ ಮುಂದೆ ಹರವಿಕೊಂಡು ಒಂದೊಂದೇ ಹೆಸರು ಹುಡುಕುತ್ತ ಕೂತೆ.

ಭೀಮಸೇನ ಜೋಶಿಯವರು ಹಾಡಿದ ಪದಗಳು ಸಿಕ್ಕವು. ಆದರೆ ಅದೇ ಪದ ಬೇರೆ ಬೇರೆ ಸಂಕಲನಗಳಲ್ಲಿ ಬೇರೆ ಬೇರೆ ಅವಧಿಗೆ ಇತ್ತು; ನಮ್ಮ ಸಿಡಿಯಲ್ಲಿರುವುದು ಅದರಲ್ಲಿ ಯಾವುದು ಎಂದು ಹೇಳುವ ಸಾಲು ಎಲ್ಲೂ ಇರಲಿಲ್ಲ. ರಚನೆ ಯಾರದು ಎಂಬ ಜಾಗದಲ್ಲಿ 'ಸಾಂಪ್ರದಾಯಿಕ' ಎಂದಷ್ಟೇ ಇತ್ತು, ಇಲ್ಲವೇ ಎಲ್ಲವನ್ನೂ ಪುರಂದರದಾಸರ ಹೆಸರಿಗೆ ಹಚ್ಚಿಬಿಟ್ಟಿದ್ದರು. ರಾಯಚೂರು ಜಿಲ್ಲೆಯವನಿಗೆ ಇದು ನುಂಗಲಾಗದ ಮಾತು. ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯ ಮೊಸರಕಲ್ಲಿನ ಗೋಪಾಲದಾಸರು, ಅವರಿಂದ ಅಂಕಿತ (ಪದದ ಕೊನೆಯ ನುಡಿಯಲ್ಲಿ ಬರುವ, ರಚಿಸಿದವರ ಗುರುತಿನ ಹೆಸರು) ಪಡೆದ ಮಾನ್ವಿಯ ಜಗನ್ನಾಥದಾಸರು, ಮೂವರೂ ನಮ್ಮ ಮಣ್ಣಿನವರು. ಅವರ ಪದಕ್ಕೆ ಅವರ ಹೆಸರೇ ಇಲ್ಲದ ಫೈಲಿಗೆ ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ.

ಇನ್ನು ರಥಬೀದಿಯ ಅಂಗಡಿಗಳಲ್ಲಿ, ಆರಾಧನೆಯ ಹೊತ್ತಿನಲ್ಲಿ, ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದ ಬಾಗಿಲಲ್ಲಿ ಕಚೇರಿ ಮುಗಿದ ಮೇಲೆ ಕೊಂಡ ಸಿಡಿಗಳು ಆನ್‌ಲೈನಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಊರ ಗಾಯಕರು ಸ್ವಂತ ಖರ್ಚಿನಲ್ಲಿ ಮಾಡಿಸಿ, ಕೈಯಿಂದ ಕೈಗೆ ಮಾರಿದ ಸಿಡಿಗಳವು. ಅವ್ವನಿಗೆ ಹೆಚ್ಚು ಇಷ್ಟವಾದವೂ ಅವೇ.

ದುಡ್ಡು ಕೊಟ್ಟು ಡೌನ್‌ಲೋಡ್ ಮಾಡುವುದನ್ನು ನಾನು ವಿರೋಧಿಸುವವನಲ್ಲ. 2012ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿಯ ಹಾಡಿನ ಅಂಗಡಿ ಐಟ್ಯೂನ್ಸ್ ಸ್ಟೋರ್ ಭಾರತಕ್ಕೆ ಬಂದಾಗ ಸಂತೋಷದಿಂದ ಕೊಂಡವನು. ಅಲ್ಲಿ ಕೊಂಡ ಹಾಡಿಗೆ ನಕಲು ತಡೆಯುವ ಬೀಗ ಇರುವುದಿಲ್ಲ, ನಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ. ಅದೇ ವರ್ಷದ ಆರಂಭದಲ್ಲಿ ಫ್ಲಿಪ್‌ಕಾರ್ಟ್ ತೆರೆದ ಫ್ಲೈಟ್ ಎಂಬ ಹಾಡಿನ ಅಂಗಡಿ 2013ರಲ್ಲೇ ಮುಚ್ಚಿತು. ಆದರೂ ಇಳಿಸಿಕೊಂಡವರ ಹಾಡು ಇಳಿಸಿಕೊಂಡವರ ಹತ್ತಿರವೇ ಉಳಿದವು. ತಿಂಗಳ ಬಾಡಿಗೆ ಕಟ್ಟಿ ಕೇಳುವ ಆಪ್‌ಗಳಿಗೆ ಈ ಗುಣ ಇಲ್ಲ. ಬಾಡಿಗೆ ನಿಂತ ದಿನ ಹಾಡೂ ನಿಲ್ಲುತ್ತದೆ. ಹಾಗಿದ್ದರೂ ಒಮ್ಮೆ ದುಡ್ಡು ಕೊಟ್ಟು ಮನೆಗೆ ತಂದ ಸಂಗೀತಕ್ಕೆ, ಅದಕ್ಕಿಂತ ಕಡಿಮೆ ಗುಣಮಟ್ಟದ ಪ್ರತಿಗಾಗಿ, ಎರಡನೇ ಸಲ ಯಾಕೆ ದುಡ್ಡು ಕೊಡಬೇಕು? ಸಿಡಿಯಲ್ಲಿರುವುದು ಸೆಕೆಂಡಿಗೆ 1411 ಕಿಲೋಬಿಟ್. ಐಟ್ಯೂನ್ಸ್ ಕೊಡುವುದು 256.

ಭಾನುವಾರ ಸ್ನಾನ ಮುಗಿಸಿ, ಸಿಡಿಗಳಲ್ಲಿದ್ದ ಹಾಡುಗಳನ್ನು ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಶುರು ಮಾಡಿದೆ. ಈಗಿನ ಲ್ಯಾಪ್‌ಟಾಪುಗಳಿಗೆ ಸಿಡಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಒಂದನ್ನು ಮೊದಲೇ ತರಿಸಿದ್ದೆ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಸಾಫ್ಟ್‌ವೇರ್ ಇದೆ, ಖಾಸಗಿ ಬಳಕೆಗೆ ಪುಕ್ಕಟೆ. ಅದು ಬೇರೆಯವುಗಳ ಹಾಗೆ ಒಂದೇ ಉಸಿರಿಗೆ ಓದಿ ಮುಗಿಸುವುದಿಲ್ಲ. ಒಂದೊಂದು ತುಣುಕನ್ನೂ ಎರಡೆರಡು ಸಲ ಓದಿ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ದೊಡ್ಡ ಕಂಪನಿಗಳ ಸಿಡಿಗಳಾದರೆ ಅಕ್ಯುರೇಟ್‌ರಿಪ್ ಎಂಬ ದಾಖಲೆಯ ಜೊತೆಗೂ ಹೋಲಿಸುತ್ತದೆ. ಬೇರೆ ಯಾರೋ ಬೇರೆ ದೇಶದಲ್ಲಿ ಅದೇ ಸಿಡಿ ಇಳಿಸಿಕೊಂಡಾಗ ಬಂದ ಲೆಕ್ಕವೂ (ಓದಿದ ಬಿಟ್ಟುಗಳಿಂದ ಸಾಫ್ಟ್‌ವೇರ್ ತೆಗೆಯುವ ತಾಳೆಯ ಅಂಕಿ) ನಮ್ಮ ಲೆಕ್ಕವೂ ಒಂದೇ ಆದರೆ ಪ್ರತಿ ಸರಿಯಾಗಿದೆ ಎಂದರ್ಥ. ಊರ ಗಾಯಕರ ಸಿಡಿ ಆ ದಾಖಲೆಯಲ್ಲಿ ಇರುವುದಿಲ್ಲ. ಅಂಥವನ್ನು ಎರಡು ಸಲ ಓದಿಸಿ, ಎರಡೂ ಸಲ ಒಂದೇ ಲೆಕ್ಕ ಬಂತೇ ಎಂದು ನಾವೇ ನೋಡಿಕೊಳ್ಳಬೇಕು.

ಉಳಿಸಿದ್ದು ಫ್ಲ್ಯಾಕ್ ರೂಪದಲ್ಲಿ. ಮೂಲದ ಒಂದು ಬಿಟ್ಟನ್ನೂ ಬಿಡದೆ ಜಾಗವನ್ನು ಮಾತ್ರ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅವ್ವನ ಸಣ್ಣ ಸ್ಪೀಕರಿನಲ್ಲಿ ಫ್ಲ್ಯಾಕಿಗೂ ಒಳ್ಳೆಯ ಎಂಪಿ3ಗೂ ವ್ಯತ್ಯಾಸ ಕೇಳಿಸುವುದಿಲ್ಲ, ನಿಜ. ಆದರೆ ಮೂಲ ಕೈಯಲ್ಲಿದ್ದರೆ ನಾಳೆ ಯಾವ ರೂಪಕ್ಕೆ ಬೇಕಾದರೂ ಬದಲಾಯಿಸಿಕೊಳ್ಳಬಹುದು. ಎಂಪಿ3ಯನ್ನು ಇನ್ನೊಂದಕ್ಕೆ, ಅದನ್ನು ಮತ್ತೊಂದಕ್ಕೆ ಬದಲಾಯಿಸುತ್ತ ಹೋದರೆ ಪ್ರತಿ ಸಲವೂ ಒಂದಿಷ್ಟು ಸೋರಿ ಹೋಗುತ್ತದೆ. ಹಿಂದೆ ಬಸ್‌ಸ್ಟ್ಯಾಂಡುಗಳಲ್ಲಿ 'ನೂರು ಹಾಡು' ಎಂದು ಮಾರುತ್ತಿದ್ದ ಸಿಡಿಗಳಲ್ಲಿ ಇರುವುದೇ ಎಂಪಿ3, ಅವನ್ನು ಹಾಗೆಯೇ ಕಾಪಿ ಮಾಡಿಕೊಂಡರೆ ಸಾಕು.

ಹೆಸರು ಬರೆಯುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಊರ ಸಿಡಿಗಳ ಕವರಿನ ಮೇಲೆ ಪದದ ಮೊದಲ ಸಾಲು ಬಿಟ್ಟರೆ ಏನೂ ಇರಲಿಲ್ಲ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಕಡೀ ನುಡಿ ಹಚ್ಚು" ಎಂದರು. ಹಚ್ಚಿದೆ. ಕಣ್ಣು ಮುಚ್ಚಿಕೊಂಡು ಕೇಳಿ, ಅಂಕಿತ ಬರುತ್ತಿದ್ದ ಹಾಗೆ ಬೆರಳೆತ್ತಿ, "ವಿಜಯವಿಠಲ ಅಂತು, ವಿಜಯದಾಸರದು. ಬರಕೋ" ಎಂದರು. ಮುಂದಿನದು ಗೋಪಾಲವಿಠಲ. ಅದರ ಮುಂದಿನದು ಜಗನ್ನಾಥವಿಠಲ. ಒಂದು ಪದದಲ್ಲಿ ಗಾಯಕರು ಕೊನೆಯ ನುಡಿಯನ್ನೇ ಹಾಡಿರಲಿಲ್ಲ. ಅವ್ವ ತಾವೇ ಆ ನುಡಿ ಹೇಳಿ, ಅಂಕಿತ ಬಂದ ಮೇಲೆ, "ಈಗ ಬರಿ" ಎಂದರು. ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಎರಡು ಡಿಸ್ಕ್ ಸತಾಯಿಸಿದವು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಸಿಡಿಯ ಹೊಳೆಯುವ ಬದಿ ಗಟ್ಟಿ. ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ ಇರುತ್ತದೆ. ಸಂಗೀತ ಇರುವ ಪದರ ಚಿತ್ರ ಅಚ್ಚಾದ ಬದಿಯ ತೆಳು ಲೇಪದ ಕೆಳಗೇ ಇರುವುದರಿಂದ ಆ ಬದಿ ಕೆರೆದುಹೋದರೆ ಉಪಾಯವಿಲ್ಲ. ಅದು ಕಂಪನಿಯ ಸಿಡಿ, ಆನ್‌ಲೈನಿನಲ್ಲಿ ಸಿಗುತ್ತಿತ್ತು. ಅದನ್ನು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡೆ. ಇಂಥದ್ದಕ್ಕೇ ಡೌನ್‌ಲೋಡ್ ಇರಬೇಕು.

ಇನ್ನೊಂದು ಮಾನ್ವಿಯ ಗಾಯಕರೊಬ್ಬರದು. ಕಂಪ್ಯೂಟರಿನಲ್ಲಿ ಬರೆದ ಸಿಡಿ, ಮೇಲೆ ಮಾರ್ಕರ್‌ನಿಂದ ಹೆಸರು. ಬರೆದ ಸಿಡಿಯಲ್ಲಿ ಸಂಗೀತ ಉಳಿಯುವುದು ಬಣ್ಣದ ಪದರದಲ್ಲಿ. ಬಿಸಿಲು, ಶಾಖ ಎರಡೂ ಆ ಬಣ್ಣಕ್ಕೆ ಆಗಿ ಬರುವುದಿಲ್ಲ, ನಮ್ಮ ಊರಿನ ಬೇಸಿಗೆಯೋ 40 ಡಿಗ್ರಿ ದಾಟುವಂಥದ್ದು. ಕೊನೆಯ ಪದ ಓದಲೇ ಇಲ್ಲ. ಸಿಡಿ ಒಳಗಿನಿಂದ ಹೊರಕ್ಕೆ ಓಡುವುದರಿಂದ ಕೊನೆಯ ಹಾಡು ಹೊರ ಅಂಚಿನಲ್ಲಿರುತ್ತದೆ, ಅಂಚೇ ಮೊದಲು ಕೆಡುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಮೆತ್ತಗೆ ಒರೆಸಿದೆ, ವೇಗ ಇಳಿಸಿದೆ. ಊಹೂಂ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು ಎಂಬುದು ನೆನಪಾಗಿ ಓಣಿಯ ಫೋಟೋ ಸ್ಟುಡಿಯೋಗೆ ಹೋದೆ. ಅವರ ಹಳೇ ಕಂಪ್ಯೂಟರಿನ ಡ್ರೈವ್ ಆ ಪದವನ್ನು ಬಹಳ ಹೊತ್ತು ತಡವರಿಸಿ ಓದಿತು. ಎರಡನೇ ಸಲ ಓದಿಸಿದಾಗಲೂ ಅದೇ ಲೆಕ್ಕ ಬಂತು. ಸ್ಟುಡಿಯೋದ ಹುಡುಗ, "ಇಷ್ಟಕ್ಕ ಇಷ್ಟು ಖುಷಿ ಏನ್ರಿ ಸರ?" ಎಂದ. ಬೇರೆಲ್ಲೂ ಸಿಗದ ಹಾಡು ಎಂದು ಹೇಳಿದೆ.

ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿ ನೆಂಟರು ವಾಟ್ಸಾಪಿನಲ್ಲಿ ಪೂರ್ತಿ ಫೋಲ್ಡರ್ ಕೇಳತೊಡಗಿದರು. ಕಂಪನಿಯ ಸಿಡಿಗಳನ್ನು ಯಾರಿಗೂ ಕಳಿಸಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ನ್ಯಾಯವಾದ ಖಾಸಗಿ ಬಳಕೆಗೆ ವಿನಾಯಿತಿ ಕೊಡುತ್ತದೆ, ಹಂಚುವುದು ಬೇರೆ ಮಾತು. ಹಾಡಿದವರಿಗೆ, ನುಡಿಸಿದವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು.

ಮಾನ್ವಿಯ ಗಾಯಕರ ಫೋನ್ ನಂಬರ್ ಸಿಡಿಯ ಕವರಿನ ಮೇಲೇ ಇತ್ತು. ಹಂಚಲು ಅವರ ಒಪ್ಪಿಗೆ ಕೇಳೋಣ ಎಂದು ಹಚ್ಚಿದೆ. ವಿಷಯ ಹೇಳಿದೆ. ಅವರು ಸ್ವಲ್ಪ ತಡೆದು, "ನನ್ನ ಹತ್ರನ ಅದು ಇಲ್ಲಲ್ರಿ. ಇದ್ದಬಿದ್ದವನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟೆ. ರೆಕಾರ್ಡ್ ಮಾಡಿದ ಅಂಗಡಿನೂ ಈಗಿಲ್ಲ" ಎಂದರು.

ಮರುದಿನ ಬೆಳಗಿನ ಬಸ್ಸಿಗೆ ಪೆನ್ ಡ್ರೈವ್ ಹಿಡಿದು ಮಾನ್ವಿಗೆ ಹೋದೆ. ಅವರು ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಒಂದು ಕಡೆ "ಇಲ್ಲಿ ಶ್ರುತಿ ಇಳದೇತಿ" ಎಂದು ತಾವೇ ತಲೆ ಅಲ್ಲಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾರು ಕೇಳಿದ್ರೂ ಕೊಡ್ರಿ, ನನ್ನದೇನೂ ತಕರಾರಿಲ್ಲ. ಆದ್ರ ತಬಲಾ ನುಡಿಸಿದವರ ಹೆಸರು, ಹಾರ್ಮೋನಿಯಂನವರ ಹೆಸರು ಅವತ್ತು ಕವರಿನ್ಯಾಗ ಹಾಕಿಸೋದಾಗಿರಲಿಲ್ಲ. ನೀವು ಅದರಾಗ ಬರೀತೀರೇನು?" ಎಂದರು. ಬರೆಯುತ್ತೇನೆ ಎಂದೆ. ಇಬ್ಬರ ಹೆಸರನ್ನೂ ಊರಿನ ಸಮೇತ ಹೇಳಿದರು. ಒಂದೊಂದು ಪದದ ಫೈಲಿಗೂ ಅಲ್ಲೇ ಕೂತು ಸೇರಿಸಿದೆ, ಅವರು ಕನ್ನಡಕ ಹಾಕಿಕೊಂಡು ಕಾಗುಣಿತ ನೋಡಿದರು.