ಮಗುಚಿದ ಕಲ್ಲು

"ಏನಪ್ಪಾ, ಎತ್ತಿದ ಕಲ್ಲನ್ನ ಹಾಗೇ ಬಿಟ್ಟು ಹೊರಟೆಯಲ್ಲ?"

ಕಡಲತೀರದಿಂದ ವಾಪಸು ಬಂದು ನಾಲ್ಕು ದಿನವಾಯಿತು. ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಅದಕ್ಕಿಂತ ಹೆಚ್ಚು ಕಾಡುತ್ತಿರುವುದು ನಾನು ಕೊಟ್ಟ ಉತ್ತರ. "ನೀರು ಬರುತ್ತಲ್ಲಮ್ಮ, ತಾನೇ ಸರಿಹೋಗುತ್ತೆ ಬಿಡಿ" ಅಂದಿದ್ದೆ. ಪೂರ್ತಿ ತಿರುಗಿ ನೋಡದೆಯೇ ಅಂದಿದ್ದೆ.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತವೂ ಹೆಚ್ಚು ಇಳಿಯುತ್ತದೆ. ಬೇರೆ ದಿನ ಮುಳುಗೇ ಇರುವ ಬಂಡೆಗಳು ಒಂದೆರಡು ಗಂಟೆ ಮೈ ತೋರಿಸುತ್ತವೆ. ನಾನು ರಜೆಯ ದಿನ ಗೊತ್ತುಮಾಡಿದ್ದೇ ಈ ಲೆಕ್ಕ ನೋಡಿ. ಅಣ್ಣನ ಮಕ್ಕಳಿಗೆ ಮರಳಿನ ಮನೆ, ಅಲೆಯಾಟ ಬಿಟ್ಟು ಇನ್ನೊಂದು ಕಡಲನ್ನು ತೋರಿಸುವ ಆಸೆಯಿತ್ತು. 7.10ಕ್ಕೆ ಇಳಿತ. ಆರೂವರೆಗೇ ಬಂಡೆಗಳ ಮೇಲಿದ್ದೆವು. ಅಣ್ಣ ಬರಲಿಲ್ಲ. ಅವನಿಗೆ ಕಡಲೆಂದರೆ ಬಾಲ್ಕನಿಯಿಂದ ಕಾಣುವ ನೀಲಿ. ಮಕ್ಕಳ ಜೊತೆ ಒಂದು ಬೆಳಗ್ಗೆಯಾದರೂ ಇಳಿದು ಬರಬೇಕಿತ್ತು ಅನ್ನುವ ಬೇಸರ ನನಗಿನ್ನೂ ಇದೆ.

ಬಂಡೆಗಳ ನಡುವೆ ನಿಂತ ನೀರಿನ ಗುಂಡಿಗಳಲ್ಲಿ ಎಷ್ಟೊಂದು ಸಂಸಾರ! ಖಾಲಿ ಚಿಪ್ಪನ್ನು ಹೊತ್ತು ಓಡುವ ಸನ್ಯಾಸಿ ಏಡಿಗಳು. ಪುಟ್ಟ ಟೋಪಿ ಕವುಚಿಟ್ಟಂತೆ ಬಂಡೆಗೆ ಅಂಟಿಕೊಂಡ ಲಿಂಪೆಟ್‌ಗಳು. ಇವುಗಳಲ್ಲಿ ಕೆಲವು ಪಾಚಿ ಮೇಯಲು ಹೋಗಿ ತಮ್ಮದೇ ಲೋಳೆಯ ಜಾಡು ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತವೆ, ಚಿಪ್ಪಿನ ಅಂಚು ಆ ಜಾಗದ ಕಲ್ಲಿಗೆ ಸರಿಯಾಗಿ ಕೂರುವಂತೆ ಬೆಳೆದಿರುತ್ತದೆ ಅಂತ ಹೇಳಿದಾಗ ಚಿಕ್ಕವನು ಒಂದೊಂದನ್ನೂ ಬಗ್ಗಿ ನೋಡಿದ. ಪಕ್ಕದಲ್ಲಿ ಒಂದು ಗುಂಪು ನಕ್ಷತ್ರ ಮೀನನ್ನು ನೀರಿಂದ ಎತ್ತಿ, ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆದುಕೊಳ್ಳುತ್ತಿತ್ತು. ನೀರಿನಿಂದಲೇ ಉಸಿರಾಡುವ ಜೀವ ಅದು. ಅವರನ್ನು ಕಂಡು ನನಗೆ ಸಿಟ್ಟು ಬಂತು. ಮಕ್ಕಳಿಗೆ, "ಹಾಗೆ ಮಾಡಬಾರದು" ಅಂತಲೂ ಹೇಳಿದೆ.

ಆಮೇಲೆ ಕಲ್ಲುಗಳನ್ನು ಮಗುಚತೊಡಗಿದೆ.

ಮೊದಲನೆಯದರ ಅಡಿಯಲ್ಲೇ ಕೈಟನ್ ಇತ್ತು, ಬೆನ್ನ ಮೇಲೆ ಎಂಟು ಫಲಕ ಜೋಡಿಸಿಕೊಂಡ ಮೃದ್ವಂಗಿ. ಕಿತ್ತಳೆ ಬಣ್ಣದ ಸ್ಪಂಜು, ಚಪ್ಪಟೆ ಏಡಿ. ಮಕ್ಕಳು ಕೂಗಿದಷ್ಟೂ ನನಗೆ ಹುರುಪು. ಒಂದಾದ ಮೇಲೆ ಒಂದು. ಐದನೆಯದೋ ಆರನೆಯದೋ ಕಲ್ಲಿನ ಅಡಿಮೈಯಲ್ಲಿ ರಾಗಿಗಿಂತ ಸಣ್ಣ ಮೊಟ್ಟೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ದೊಡ್ಡವಳು ಮೂಗು ತಾಗುವಷ್ಟು ಹತ್ತಿರ ಹೋಗಿ, "ಚಿಕ್ಕಪ್ಪಾ, ಕಣ್ಣು!" ಅಂದಳು. ನಿಜ. ಒಂದೊಂದು ಮೊಟ್ಟೆಯೊಳಗೂ ಸೂಜಿಮೊನೆಯಷ್ಟು ಎರಡೆರಡು ಕಪ್ಪು ಚುಕ್ಕೆ. ಕಲ್ಲಿದ್ದ ತಗ್ಗಿನ ಬೊಗಸೆ ನೀರಿನಲ್ಲಿ ಹೆಬ್ಬೆರಳುದ್ದದ ಮೀನೊಂದು ನಿಂತಿತ್ತು. ನಮ್ಮ ನೆರಳು ಬಿದ್ದರೂ ಓಡಲಿಲ್ಲ. ಗೋಬಿ, ಬ್ಲೆನಿ ಜಾತಿಯ ಮೀನುಗಳಲ್ಲಿ ಹಲವು ಹೀಗೆ ಕಲ್ಲಿನಡಿ ಮೊಟ್ಟೆಯಿಡುತ್ತವೆ, ಕಾಯುವುದು ಗಂಡು, ರೆಕ್ಕೆ ಬೀಸಿ ಬೀಸಿ ಮೊಟ್ಟೆಗಳ ಮೇಲೆ ನೀರಾಡಿಸುತ್ತಿರುತ್ತದೆ. ಇದನ್ನೆಲ್ಲ ಮಕ್ಕಳಿಗೆ ನಾನೇ ಹೇಳಿದೆ. ಹೇಳಿ ಮುಗಿಸಿ ಮುಂದಿನ ಕಲ್ಲಿಗೆ ಹೋದೆ.

ಆಗ ಬಂತು ಆ ಮಾತು. ಎಪ್ಪತ್ತರ ಹತ್ತಿರದ ಹೆಂಗಸು, ಚಪ್ಪಲಿ ಕೈಯಲ್ಲಿ. ನನ್ನ ಉತ್ತರ ಕೇಳಿ ಮತ್ತೇನೂ ಅನ್ನಲಿಲ್ಲ. ಚಪ್ಪಲಿ ಕೆಳಗಿಟ್ಟು, ಎರಡೂ ಕೈ ಕೊಟ್ಟು ಹತ್ತಿರದ ಕಲ್ಲನ್ನು ತಿರುಗಿಸಲು ನೋಡಿದರು. ಅಲುಗಲಿಲ್ಲ. ಚಿಕ್ಕವನು ಕೈ ಜೋಡಿಸಲು ಓಡಿದ. ಬೆಳ್ಳಂಬೆಳಗ್ಗೆ ಉಪದೇಶ ಮಾಡುವವರ ಸಹವಾಸ ಯಾಕೆ ಅಂದುಕೊಂಡು ನಾನೇ ಅವನನ್ನು ಕರೆದೆ. "ಬಾರೋ, ಮುಂದೆ ಇನ್ನೂ ದೊಡ್ಡದಿದೆ."

ರಾತ್ರಿ ಮಲಗುವಾಗ ದೊಡ್ಡವಳು ಕೇಳಿದಳು: "ನೀರು ಬಂದ್ಮೇಲೆ ಆ ಕಲ್ಲು ತಾನಾಗೇ ತಿರುಗುತ್ತಾ ಚಿಕ್ಕಪ್ಪ?" ತಿರುಗುತ್ತೆ ಅಂದೆ. ಅಂದಮೇಲೆ ನಿದ್ದೆ ಬರಲಿಲ್ಲ.

ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮರುದಿನ ಎಂಟಕ್ಕೆ ಹೋದೆವು. ಅಷ್ಟರಲ್ಲಿ ಎರಡು ಸಲ ಉಬ್ಬರ ಬಂದು ಹೋಗಿತ್ತು. ಒಂದು ಕಲ್ಲೂ ತಿರುಗಿರಲಿಲ್ಲ. ತಿರುಗುವುದಾದರೂ ಹೇಗೆ? ಅಲೆಗೆ ಮಗುಚಲು ಬಾರದ ಕಲ್ಲು ಅಂತಲೇ ಅಲ್ಲವೇ ಅದರಡಿ ಅಷ್ಟು ಜೀವ ಸೇರಿಕೊಂಡಿದ್ದು? ಬಿಸಿಲು ಬೇಕಾದ ಪಾಚಿ ಅಡಿಗೆ ಹೋಗಿತ್ತು, ನೆರಳು ಬೇಕಾದದ್ದೆಲ್ಲ ಮೇಲೆ ಬಂದಿತ್ತು. ಕಿತ್ತಳೆ ಸ್ಪಂಜು ಬಣ್ಣಗೆಟ್ಟು ಮುದುಡಿತ್ತು. ಮೊಟ್ಟೆಗಳಿದ್ದ ಜಾಗದಲ್ಲಿ ಬಿಳಿ ಪೊರೆಯಂಥದ್ದು ಉಳಿದಿತ್ತು, ಅಷ್ಟೆ. ಯಾವುದೋ ಏಡಿಯೋ ಮೀನೋ ತಿಂದಿರಬೇಕು. ಕಾಯುತ್ತಿದ್ದ ಮೀನು ಇರಲಿಲ್ಲ.

ನಕ್ಷತ್ರ ಮೀನು ಎತ್ತಿದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ದಿನದಿಂದ ನುಂಗಲಾಗದೇ ಇರುವುದು ಇದೇ. ಗೊತ್ತಿದ್ದದ್ದನ್ನೆಲ್ಲ ಮಕ್ಕಳ ಮುಂದೆ ಹೇಳಲು ಬಳಸಿದೆ, ಕೈಗೆ ಮಾತ್ರ ಅದು ಬರಲಿಲ್ಲ. ಪ್ರಕೃತಿ ನೋಡಲು ಹೋಗುವುದೆಂದರೆ ಎತ್ತಿ ನೋಡುವುದು, ತೆರೆದು ನೋಡುವುದು ಅಂದುಕೊಂಡೇ ಬೆಳೆದಿದ್ದೇನೆ. ಮುಚ್ಚುವುದೂ ಅದರೊಳಗೇ ಸೇರಿದ್ದು ಅಂತ ತಲೆಗೆ ಹೋಗಿರಲೇ ಇಲ್ಲ. "ತಾನೇ ಸರಿಹೋಗುತ್ತೆ ಬಿಡಿ" ಅನ್ನುವ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತು ನೋಡಿ. ಇನ್ನೆಲ್ಲೆಲ್ಲಿ ಹೀಗೇ ಅಂದು ಮುಂದೆ ಹೋಗಿದ್ದೇನೋ ಅಂತ ನೆನಪು ಮಾಡಿಕೊಳ್ಳುತ್ತಿದ್ದೇನೆ. ಜಗಳವಾಡಿ ಎದ್ದುಬಂದ ಮನೆಗಳಿವೆ. ಕೆದಕಿ ಕೇಳಿ, ಅವರು ಅಳುವ ಹೊತ್ತಿಗೆ ಗಡಿಯಾರ ನೋಡಿದ ಗೆಳೆಯರಿದ್ದಾರೆ.

ಆ ಹೆಂಗಸನ್ನು ಉಳಿದೆರಡು ದಿನವೂ ಹುಡುಕಿದೆ, ಕಾಣಲಿಲ್ಲ. ಆದರೆ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಕಲ್ಲು ಸರಿಯಾಗಿ ಕೂತಿತ್ತು, ಪಾಚಿ ಮೇಲೆ ಮಾಡಿ. ನಾವು ಹೋದಮೇಲೆ ಅವರೇ ತಿರುಗಿಸಿರಬೇಕು. ಅದನ್ನು ಮಾತ್ರ ನಾವು ಮುಟ್ಟಲಿಲ್ಲ.

ಉಳಿದವನ್ನು ಮೂವರೂ ಸೇರಿ ಮುಚ್ಚಿದೆವು. ನಾನು ಕಲ್ಲೆತ್ತಿ ಹಿಡಿಯುವುದು, ಅಡಿಯಲ್ಲಿ ಏಡಿ ಗೀಡಿ ಸಿಕ್ಕಿಕೊಂಡಿಲ್ಲ ಅಂತ ದೊಡ್ಡವಳು ಬಗ್ಗಿ ನೋಡಿ ಹೇಳುವುದು, ಆಮೇಲೆ ಮೆಲ್ಲಗೆ ಇಳಿಸುವುದು. ಮೊಟ್ಟೆಯ ಕಲ್ಲು ಬಂದಾಗ ಅವಳು, "ಇದರಡಿ ಯಾರೂ ಇಲ್ವಲ್ಲ, ಇದನ್ನೂ ಮುಚ್ಚೋದಾ?" ಅಂದಳು. ಮುಚ್ಚಿದೆವು. ಅಷ್ಟರಲ್ಲಿ ನೀರು ಏರತೊಡಗಿತ್ತು. ಹಿಂದಿನ ದಿನದಿಂದ ಮಗುಚಿದ ಕಲ್ಲುಗಳ ಲೆಕ್ಕ ಇಟ್ಟವನು ಚಿಕ್ಕವನು.

"ಹನ್ನೊಂದಾಯ್ತು. ಇನ್ನೂ ಮೂರಿದೆ ಚಿಕ್ಕಪ್ಪ."

ಮೊಣಕಾಲು ನೀರಿನಲ್ಲಿ ನಿಂತು ಸುತ್ತಲೂ ನೋಡಿದೆ. ಎಲ್ಲಿ ಅಂತ ನೆನಪಾಗಲಿಲ್ಲ.