ಎರೆಮಣ್ಣು ಕೈಗೆ ಕೊಡುವ ಮೊದಲು

ಕಲಬುರಗಿ ಕಡೆಯವರು ಮನಸ್ಸಿನ ನೋವು ಹೇಳಿಕೊಳ್ಳಲು ಕಲೆಯ ಮೂಲಕ ಸಮಾಲೋಚನೆ ಮಾಡುವವರ ಬಳಿ ಬಂದಾಗ ಮೊದಲು ಬರುವುದು ಮೈಯ ಮಾತು: "ಎದಿ ಮ್ಯಾಲ ವಜ್ಜಿ ಇಟ್ಟಂಗ ಆಗ್ಯಾದ್ರಿ." ಆ ವಜ್ಜಿ, ಅಂದರೆ ಭಾರ, ಎಂಥದ್ದು ಎಂದು ಕೇಳಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಎರಡು ಮುಷ್ಟಿಯಷ್ಟು ಹದವಾದ ಮಣ್ಣು ಕೊಟ್ಟು "ಎಷ್ಟು ದೊಡ್ಡದದ, ಹ್ಯಾಂಗದ, ಮಾಡಿ ತೋರಸ್ರಿ" ಎಂದರೆ ಕೈ ಮುಂದಿನದನ್ನು ಹೇಳತೊಡಗುತ್ತದೆ.

ಆದರೆ ಎಲ್ಲರಿಗೂ ಮಣ್ಣು ಕೊಡಬಾರದು. ಕಲಾ ಚಿಕಿತ್ಸಕರಾದ ಸ್ಯಾಂಡ್ರಾ ಕೇಗಿನ್ ಮತ್ತು ವಿಜಾ ಲುಸೆಬ್ರಿಂಕ್ 1978ರಲ್ಲಿ ಮುಂದಿಟ್ಟ ವಿಚಾರ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಪೆನ್ಸಿಲ್, ಕ್ರೇಯಾನ್ ಗಟ್ಟಿ ಸಾಮಗ್ರಿಗಳು. ಹಿಡಿತ ಕೈಯಲ್ಲೇ ಉಳಿಯುತ್ತದೆ. ನೀರುಬಣ್ಣ, ಹಸಿಮಣ್ಣು ಹರಿಯುವಂಥವು; ಹಿಡಿತ ಸಡಿಲಿಸಿ ಭಾವನೆಯನ್ನು ಬೇಗ ಮೇಲೆ ತರುತ್ತವೆ. ಅಳು ತಡೆಯದವರಿಗೆ, ಹಳೆಯ ಆಘಾತ ಕಣ್ಣೆದುರೇ ನಡೆದಂತಾಗಿ ಬೆಚ್ಚುವವರಿಗೆ ಮೊದಲ ದಿನವೇ ಹಸಿಮಣ್ಣು ಕೊಟ್ಟರೆ ಅವರು ಅದರಲ್ಲಿ ಮುಳುಗಿಹೋಗುತ್ತಾರೆ. ಅಂಥವರಿಗೆ ಅರ್ಧ ಹಾಳೆ, ಅದರಲ್ಲಿ ತಟ್ಟೆಯ ಅಂಚು ಹಿಡಿದು ಎಳೆದ ಒಂದು ದುಂಡು, ಮೂರು ಕ್ರೇಯಾನ್ ಸಾಕು. ದೊಡ್ಡ ಖಾಲಿ ಹಾಳೆ ಅವರನ್ನು ಇನ್ನಷ್ಟು ಹೆದರಿಸುತ್ತದೆ. ಎಲ್ಲವನ್ನೂ ಲೆಕ್ಕಹಾಕಿ ಮಾತಾಡುವವರು, ಕಣ್ಣೀರೇ ಬಾರದವರು ಇದ್ದರೆ ಪೆನ್ಸಿಲಿನಿಂದ ಶುರುಮಾಡಿ ಮೂರು ನಾಲ್ಕು ಭೇಟಿಗಳಲ್ಲಿ ಮಣ್ಣಿನತ್ತ ಬರಬಹುದು.

ಸಾಯುವ ಮಾತಾಡುವವರು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಚಿತ್ರ ಬರೆಯುತ್ತಿದ್ದೇವೆಂದು ಗುಳಿಗೆ ಬಿಡುವಂತಿಲ್ಲ.

ನಮ್ಮ ಭಾಗಕ್ಕೆ ಮಣ್ಣು ಹೊಸದಲ್ಲ. "ಚಿತ್ರ ತೆಗಿಲಾಕ ಬರಲ್ರಿ" ಎಂದು ಕೈ ಹಿಂದೆಳೆಯುವವರೂ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದವರೇ. ಹಾಗಾಗಿ ಮಣ್ಣು ಕೊಡುವ ಮೊದಲ ಭೇಟಿಯಲ್ಲಿ ಎತ್ತನ್ನೇ ಮಾಡಲು ಹೇಳುವುದು ಒಳ್ಳೆಯದು. ಕೈಗೆ ಗೊತ್ತಿರುವ ಆಕಾರ ಅಂಜಿಕೆ ಬಿಡಿಸುತ್ತದೆ.

ತೊಂದರೆ ಇರುವುದು ಎರೆಮಣ್ಣಿನ ಗುಣದಲ್ಲಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದರಿಂದಲೇ. ತೀರಿಹೋದ ಮಗುವಿನ ನೆನಪಿಗೆ ತಾಯಿ ಮಾಡಿಟ್ಟ ಗೊಂಬೆ ಮುಂದಿನ ವಾರ ಎರಡು ಹೋಳಾಗಿ ಸಿಕ್ಕರೆ ಅದು ಇನ್ನೊಂದು ಪೆಟ್ಟು. ಅದಕ್ಕೇ ಹದ ಮಾಡುವುದರಲ್ಲಿ ಅವಸರ ಬೇಡ. ಮಣ್ಣು ಕುಟ್ಟಿ, ಜರಡಿ ಹಿಡಿದು, ಒಂದು ರಾತ್ರಿ ನೆನೆಹಾಕಿ, ಮೇಲಿನ ನೀರು ಬಸಿದು ಗೋಣಿಯ ಮೇಲೆ ಹರವಬೇಕು. ಬೆರಳಿಗೆ ಅಂಟದಂತಾದಾಗ ನಾಲ್ಕು ಪಾಲಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ ಚೆನ್ನಾಗಿ ನಾದಬೇಕು. ಕುಂಬಾರರ ಮನೆಯಿಂದ ಹದವಾದ ಮಣ್ಣು ಸಿಕ್ಕರೆ ಇನ್ನೂ ಉತ್ತಮ. ಬೀದರಿನ ಕೆಂಪು ಮಣ್ಣಿನಲ್ಲಿ ಹರಳು ಹೆಚ್ಚು. ಎರಡು ಸಲ ಜರಡಿ ಹಿಡಿಯದಿದ್ದರೆ ಕೈಗೆ ಚುಚ್ಚುತ್ತದೆ.

ಮಾಡಿದ್ದು ಹೆಬ್ಬೆರಳಿಗಿಂತ ದಪ್ಪವಾಗದಿರಲಿ. ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ನಾಲ್ಕೈದು ದಿನ ನಿಧಾನವಾಗಿ ಒಣಗಿಸಬೇಕು. ಇಷ್ಟಾದರೂ ಬಿರಿಯಬಹುದು ಎಂದು ಮೊದಲೇ ಹೇಳಿಬಿಡಿ. ಬಿರಿದರೆ ನೀವಾಗಿಯೇ ಅಂಟಿಸಲು ಹೋಗಬೇಡಿ. ಮೆತ್ತಬೇಕೋ, ಹಾಗೇ ಇಡಬೇಕೋ, ನೀರಿಗೆ ಬಿಡಬೇಕೋ ಎಂದು ಮಾಡಿದವರನ್ನೇ ಕೇಳಿ. ಸುಡದ ಮಣ್ಣು ನೀರಿನಲ್ಲಿ ಕರಗುತ್ತದೆ. ಕೆಲವರು ಬಕೆಟ್ಟಿನ ಪಕ್ಕ ಕೂತು ಅದು ಕರಗುವುದನ್ನೇ ನೋಡುತ್ತಾರೆ. ಅಷ್ಟು ಹೊತ್ತು ನೀವೂ ಸುಮ್ಮನೆ ಕೂಡಬೇಕು.

ಇನ್ನು ದೊಡ್ಡ ತಪ್ಪೆಂದರೆ ಅರ್ಥ ಹೇಳುವುದು. ಕಪ್ಪು ಬಣ್ಣವೆಂದರೆ ದುಃಖ, ಬಾಗಿಲಿಲ್ಲದ ಮನೆಯೆಂದರೆ ಒಂಟಿತನ ಎಂಬಂಥ ಪಟ್ಟಿಗಳನ್ನು ನಂಬಲೇಬೇಡಿ. ಎರೆಭೂಮಿಯ ರೈತನಿಗೆ ಕಪ್ಪು ಎಂದರೆ ಬೆಳೆ ಕೊಡುವ ಹೊಲ. "ಇದರ ಬಗ್ಗೆ ಹೇಳ್ರಿ", "ಇದಕ್ಕ ಬಾಯಿ ಇದ್ರ ಏನಂತಿತ್ತು?" ಎಂಬೆರಡು ಪ್ರಶ್ನೆಗಳಿಂದಲೇ ಬಹಳ ದೂರ ಹೋಗಬಹುದು. ಬಂದ ಮಾತನ್ನು ಐದಾರು ಸಾಲು ಬರೆಯಲಿ. ಬರೆಯಲು ಬಾರದವರು ಹೇಳಿದ್ದನ್ನು ನೀವು ಬರೆದುಕೊಳ್ಳಿ, ಅವರ ಮಾತಿನಲ್ಲೇ. "ತ್ರಾಸ ಆಗ್ಯಾದ" ಎಂಬುದನ್ನು "ಕಷ್ಟವಾಗಿದೆ" ಎಂದು ತಿದ್ದಿದರೆ, ಓದಿ ಹೇಳಿದಾಗ ಅವರಿಗೆ ಅದು ತಮ್ಮದೆನಿಸುವುದಿಲ್ಲ. ದಖನಿ ಆಡುವವರದ್ದೂ ದಖನಿಯಲ್ಲೇ ಇರಲಿ.

ಮಣ್ಣು ಮುಟ್ಟಲು ಮನಸ್ಸಿಲ್ಲದ ಹೆಣ್ಣುಮಕ್ಕಳಿಗೆ ಕೌದಿ ಇದೆ. ತೀರಿಹೋದ ಅವ್ವನ ಸೀರೆ ತಂದವರಿಗೆ ಆ ದಿನವೇ ಕತ್ತರಿ ಕೊಡಬಾರದು; ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಮೊದಲ ಭೇಟಿಯಲ್ಲಿ ಸೀರೆ ತೊಡೆಯ ಮೇಲಿರಲಿ, ಬೇರೆ ಹಳೆ ಬಟ್ಟೆಯ ಗೇಣುದ್ದದ ಚೌಕದ ಮೇಲೆ ಹೊಲಿಗೆ ಹಾಕಲಿ. ಸೂಜಿ, ಕತ್ತರಿಗಳನ್ನು ಶುರುವಿನಲ್ಲಿ ಎಣಿಸಿ ಕೊಟ್ಟು, ಕೊನೆಯಲ್ಲಿ ಎಣಿಸಿಯೇ ತೆಗೆದುಕೊಳ್ಳಬೇಕು. ತಮಗೆ ತಾವೇ ನೋವು ಮಾಡಿಕೊಳ್ಳುವವರಿದ್ದರೆ ಸೂಜಿ ಬೇಡ. ತುಂಡುಗಳನ್ನು ಜೋಡಿಸಿ ಫೆವಿಕಾಲ್‌ನಿಂದ ಅಂಟಿಸಿದರೂ ಆದೀತು.

ಹಾಡಿನ ವಿಷಯ ಒಂದೇ ಮಾತು: ದುಃಖದಲ್ಲಿರುವವರಿಗೆ ಉಲ್ಲಾಸದ ಹಾಡು ಹಚ್ಚಬೇಡಿ. ಅವರ ನಡೆಗೆ ಹೊಂದುವ ನಿಧಾನದ ತತ್ವಪದದಿಂದ ಹಿಡಿದು ತಾಳವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಕಡಕೋಳ ಮಡಿವಾಳಪ್ಪನವರ ಪದಗಳು ಇಲ್ಲಿನ ಭಜನೆ ಮೇಳಗಳಿಗೆ ಬಾಯಿಪಾಠ.

ಒಂದು ತಾಸಿನ ಭೇಟಿಯಲ್ಲಿ ಮಾಡುವ ಕೆಲಸಕ್ಕೆ ಅರ್ಧ ತಾಸಿಗಿಂತ ಹೆಚ್ಚು ಬೇಡ. ಮುಗಿಯಲು ಹತ್ತು ನಿಮಿಷವಿದೆ ಎಂದು ಮುಂಚೆಯೇ ತಿಳಿಸಿ. ತಟ್ಟನೆ ನಿಲ್ಲಿಸಿದರೆ ಎದ್ದ ಭಾವನೆ ಹಾಗೇ ಮನೆಗೆ ಹೋಗುತ್ತದೆ. ಕಡೆಯ ಐದು ನಿಮಿಷ ಕೈತೊಳೆಯಲಿಕ್ಕೆ. ಎರೆಮಣ್ಣು ಉಗುರಿನ ಸಂದಿಯಿಂದ ಬೇಗ ಬಿಡುವುದಿಲ್ಲ. ಎರಡು ಬಕೆಟ್ ನೀರಿಡಿ, ಮೊದಲನೆಯದು ಮಣ್ಣು ಬಿಡಿಸಲು, ಎರಡನೆಯದು ಸ್ವಚ್ಛಕ್ಕೆ. ಬೇಸಿಗೆಯಾದರೆ ನೀರು ತಣ್ಣಗಿರಲಿ, ಒರೆಸಿಕೊಳ್ಳಲು ಒಣ ಟವೆಲ್ಲಿರಲಿ. ಮೊದಲನೆಯ ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿದರೆ ಪೈಪು ಕಟ್ಟಿಕೊಳ್ಳುತ್ತದೆ. ಗಿಡದ ಬುಡಕ್ಕೆ ಹಾಕಿ.