ಒಂಬತ್ತು ಗುಂಟೆ ಜಾಗ, ಒಂದು ಕೈಪಂಪು

2016ರ ಜುಲೈನಲ್ಲಿ ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿ ಕಾಳಗ ಮತ್ತೆ ಭುಗಿಲೆದ್ದಾಗ, ಜೀವ ಉಳಿಸಿಕೊಳ್ಳಲು ಗಡಿ ದಾಟಿ ಉಗಾಂಡಾಕ್ಕೆ ಬಂದವರಿಗಾಗಿ ಆಗಸ್ಟ್‌ನಲ್ಲಿ ಯುಂಬೆ ಜಿಲ್ಲೆಯ ಬಿಡಿಬಿಡಿ ಎಂಬಲ್ಲಿ ನಿರಾಶ್ರಿತರ ವಸತಿ ಪ್ರದೇಶವೊಂದನ್ನು ತೆರೆಯಲಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಕುರುಚಲು ಗಿಡಗಳ ಆ ನೆಲದಲ್ಲಿ ಅಷ್ಟು ಜನರಿಗೆ ಸಾಲುವಷ್ಟು ನೀರು ಇರಲಿಲ್ಲವಾದ್ದರಿಂದ, ಮೊದಲ ತಿಂಗಳುಗಳಲ್ಲಿ ನೈಲ್ ನದಿಯ ನೀರನ್ನು ಶುದ್ಧೀಕರಿಸಿ ಟ್ಯಾಂಕರ್‌ಗಳಲ್ಲಿ ಮಣ್ಣು ರಸ್ತೆಯ ಮೇಲೆ ಸಾಗಿಸಬೇಕಾಯಿತು. ಮಳೆ ಸುರಿದು ರಸ್ತೆ ಕೆಸರಾದರೆ ಟ್ಯಾಂಕರ್ ದಾರಿಯಲ್ಲೇ ಹೂತುಕೊಳ್ಳುತ್ತಿತ್ತು. ನೀರಿಗಾಗಿ ಸುರಿದ ಹಣ ಡೀಸೆಲ್ಲಿಗೆ ಹೋಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ ಎಂಬುದು ಟ್ಯಾಂಕರ್ ವ್ಯವಸ್ಥೆಯ ದೊಡ್ಡ ದೋಷ.

ಉಗಾಂಡಾದ 2006ರ ನಿರಾಶ್ರಿತರ ಕಾಯ್ದೆ ಬಂದವರಿಗೆ ದುಡಿಯುವ ಮತ್ತು ಓಡಾಡುವ ಹಕ್ಕನ್ನು ಕೊಡುತ್ತದೆ. ಬಿಡಿಬಿಡಿಯಲ್ಲಿ ಪ್ರತಿ ಕುಟುಂಬಕ್ಕೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗವನ್ನು ಗೊತ್ತುಮಾಡಲಾಯಿತು. ನಮ್ಮ ಲೆಕ್ಕದಲ್ಲಿ ಇದು ಸುಮಾರು ಒಂಬತ್ತು ಗುಂಟೆ, ಅಂದರೆ ಕಾಲು ಎಕರೆಗೂ ಕಡಿಮೆ. ಗುಡಿಸಲು, ಅಡುಗೆಯ ಮರೆ, ಪಾಯಿಖಾನೆ ಎಲ್ಲವೂ ಇದರಲ್ಲೇ ಆಗಬೇಕು. ಉಳಿದ ಜಾಗದಲ್ಲಿ ಅಲಸಂದೆ, ಬೆಂಡೆ, ಎಳ್ಳು, ಶೇಂಗಾ, ಜೋಳ ಹಾಕಬಹುದು, ಆದರೆ ಒಂದು ಸಂಸಾರದ ವರ್ಷದ ಊಟ ಅದರಿಂದ ಹುಟ್ಟುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ಉಗಾಂಡಾದ ನಿರಾಶ್ರಿತರ ಪಡಿತರವನ್ನು ಶೇ. 30ರಷ್ಟು ಕಡಿತಗೊಳಿಸಿದಾಗ ಈ ಸಣ್ಣ ತುಂಡು ನೆಲದ ಮೇಲೆ ಬಿದ್ದ ಭಾರ ಎಷ್ಟಿರಬಹುದೆಂದು ಬೇಸಾಯ ಬಲ್ಲ ಯಾರಾದರೂ ಊಹಿಸಬಹುದು.

ನನ್ನನ್ನು ಬಹಳ ಕಾಡುವ ಸಂಗತಿ ಬೇರೆಯಿದೆ. ನೀರಿನ ಯೋಜನೆಯೂ ಬೇಸಾಯದ ಯೋಜನೆಯೂ ಬೇರೆಬೇರೆ ಕೈಗಳಲ್ಲಿ, ಬೇರೆಬೇರೆ ಲೆಕ್ಕದಲ್ಲಿ ನಡೆಯುತ್ತವೆ. ಆದರೆ ಕೊಡ ಹೊರುವವಳೂ ಕಳೆ ಕೀಳುವವಳೂ ಒಬ್ಬಳೇ. ತುರ್ತು ಪರಿಹಾರದ ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, ನೀರಿನ ತಾಣ 500 ಮೀಟರ್ ಒಳಗಿರಬೇಕು, ಸರದಿಯಲ್ಲಿ ಕಾಯುವುದು ಅರ್ಧ ಗಂಟೆ ಮೀರಬಾರದು. ಆರು ಜನರ ಮನೆಗೆ ಇದು 90 ಲೀಟರ್, ಅಂದರೆ 20 ಲೀಟರಿನ ನಾಲ್ಕೂವರೆ ಕ್ಯಾನು. ಇಷ್ಟನ್ನು ಹೊತ್ತು ತರುವುದರಲ್ಲೇ ಬೆಳಗಿನ ತಂಪು ಹೊತ್ತು ಕಳೆದರೆ ಹೊಲಕ್ಕೆ ಉಳಿಯುವುದು ಸುಡುಬಿಸಿಲು ಮಾತ್ರ. ಇದಕ್ಕೇ ನಾನು ಹೇಳುವುದು, ನಲ್ಲಿಯನ್ನು ಮನೆಗೆ ಹತ್ತಿರ ತರುವುದೂ ಬೇಸಾಯಕ್ಕೆ ಕೊಡುವ ನೆರವೇ ಎಂದು. ಬೀಜದ ವಿಷಯವೂ ಹಾಗೆಯೇ: ಮೊದಲ ಮಳೆ ಬಿದ್ದು ಹದ ಹೋದ ಮೇಲೆ ಕೈಗೆ ಬಂದ ಬೀಜ ಎಷ್ಟೇ ಒಳ್ಳೆಯದಾದರೂ ಬಿತ್ತನೆಗೆ ಒದಗುವುದಿಲ್ಲ, ಹಸಿದ ಮನೆಯಲ್ಲಿ ಅದು ಪಾತ್ರೆಗೇ ಹೋಗುತ್ತದೆ.

ಶುದ್ಧ ನೀರು ನಲ್ಲಿಯಲ್ಲಿ ಶುದ್ಧವಾಗಿದ್ದರೆ ಸಾಲದು. ರೋಗಾಣುಗಳನ್ನು ಕೊಲ್ಲಲು ನೀರಿಗೆ ಬೆರೆಸುವ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕೆಂಬ ನಿಯಮ ಅನ್ವಯಿಸುವುದು ನಲ್ಲಿಯ ಬಾಯಿಗೆ. ಕ್ಯಾನಿನ ಒಳಮೈಗೆ ಪಾಚಿ ಅಂಟಿದ್ದರೆ, ಬಿಸಿಲಿನಲ್ಲಿ ಅದು ಗಂಟೆಗಟ್ಟಲೆ ಇದ್ದರೆ, ಮುಚ್ಚಳವಿಲ್ಲದೆ ಲೋಟ ಅದ್ದಿ ತೆಗೆಯುತ್ತಿದ್ದರೆ, ಆ ಕ್ಲೋರಿನ್ ಸಂಜೆಯ ಹೊತ್ತಿಗೆ ಉಳಿದಿರುವುದಿಲ್ಲ. ದಕ್ಷಿಣ ಸುಡಾನಿನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಅಧ್ಯಯನಗಳು ಇದನ್ನು ಅಳೆದು ತೋರಿಸಿವೆ. ಹೀಗಿರುವಾಗ ಕ್ಯಾನು ತೊಳೆಯಲು ವ್ಯವಸ್ಥೆ ಮತ್ತು ಮುಚ್ಚಳವಿರುವ ಪಾತ್ರೆ ಕೊಡುವುದು ಕೊಳವೆಬಾವಿ ಕೊರೆಸಿದಷ್ಟೇ ಮುಖ್ಯವಾದ ಕೆಲಸ.

ನಮಗೆ ಹತ್ತಿರದ ನಂಟೊಂದು ಇಲ್ಲಿದೆ. ಉಗಾಂಡಾದಲ್ಲಿ ಯು-2 ಎಂದು ಕರೆಯುವ ಕೈಪಂಪು, 1970ರ ದಶಕದಲ್ಲಿ ನಮ್ಮ ದೇಶದಲ್ಲಿ ರೂಪುಗೊಂಡು ಕರ್ನಾಟಕದ ಹಳ್ಳಿಹಳ್ಳಿಗೂ ಬಂದ ಇಂಡಿಯಾ ಮಾರ್ಕ್-2 ಪಂಪಿನದೇ ರೂಪ. ಅದರ ವಾಷರ್ ಸವೆದಾಗ ಹಿಡಿಯನ್ನು ಎಷ್ಟು ಒತ್ತಿದರೂ ಬುಸುಗುಡುವ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಅದನ್ನು ಬದಲಿಸಲು ಕೊಳವೆಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಕೆಲವು ರೂಪಾಯಿಯ ಆ ಬಿಡಿಭಾಗ ಸಿಗದೆ ಊರಿಗೆ ಊರೇ ಕೆರೆಯ ನೀರಿಗೆ ಮರಳಿದ್ದನ್ನು ನಮ್ಮ ಸೀಮೆಯ ಹಿರಿಯರು ಕಂಡಿದ್ದಾರೆ. ಈಗ ಬಿಡಿಬಿಡಿಯಲ್ಲಿ ಸೌರಶಕ್ತಿಯಿಂದ ನಡೆಯುವ ಪಂಪುಗಳೂ ಕೊಳವೆ ಜಾಲಗಳೂ ಬಂದಿವೆ. ಅವುಗಳಿಗೂ ರಿಪೇರಿ ಬಲ್ಲ ಸ್ಥಳೀಯರು ಬೇಕು, ಮತ್ತು ಆ ಕೆಲಸಕ್ಕೆ ಅವರಿಗೆ ಸಂಬಳ ಬೇಕು.

ಆಶ್ರಯ ಕೊಟ್ಟವರನ್ನು ಮರೆತು ಈ ವಿಷಯ ಬರೆಯಲಾಗದು. 1979ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಪತನಗೊಂಡ ನಂತರ ಬಿಡಿಬಿಡಿ ಇರುವ ಇದೇ ವೆಸ್ಟ್ ನೈಲ್ ಪ್ರದೇಶದ ಜನ ಸುಡಾನ್ ಮತ್ತು ಕಾಂಗೋ ದೇಶಗಳಿಗೆ ಓಡಿಹೋಗಿ ವರ್ಷಗಟ್ಟಲೆ ನಿರಾಶ್ರಿತರಾಗಿದ್ದರು. ನಿರಾಶ್ರಿತರಿಗೆ ಬರುವ ನೆರವಿನಲ್ಲಿ ಸುಮಾರು ಶೇ. 30ರಷ್ಟು ಭಾಗ ಸ್ಥಳೀಯರಿಗೂ ಸಲ್ಲಬೇಕೆಂಬ ಅಲ್ಲಿನ ಧೋರಣೆ ನ್ಯಾಯವಾದದ್ದು. ಒಂಬತ್ತು ಗುಂಟೆ ಸಾಲದ ನಿರಾಶ್ರಿತ ಕುಟುಂಬಗಳು ಈ ಸ್ಥಳೀಯರಿಂದಲೇ ಹೊಲವನ್ನು ಗೇಣಿಗೆ ಪಡೆಯಬೇಕಾಗುತ್ತದೆ. ಬೆಳೆ ಕಟಾವಿಗೆ ಬರುವ ಮೊದಲೇ ನೆಲ ಬಿಟ್ಟುಕೊಡಬೇಕಾದ ಭಯವಿಲ್ಲದಂತೆ, ಕನಿಷ್ಠ ಎರಡು ಮೂರು ವರ್ಷಗಳ ಲಿಖಿತ ಕರಾರನ್ನು ಊರ ಹಿರಿಯರ ಎದುರು ಮಾಡಿಸಿಕೊಡುವುದು, ನನ್ನ ದೃಷ್ಟಿಯಲ್ಲಿ, ಬೀಜ ಮತ್ತು ಗುದ್ದಲಿ ಹಂಚುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.